ಜವೆ ಗೋಧಿಯ ಶಾವಿಗೆ

ಅಮೆರಿಕದ ಮಿಲ್ಪಿಟಾಸಿನ ಖುರ್ಷಿದಳ ಮನೆಯ ಫ್ರೀಜರಿನಲ್ಲಿ, ಪರೋಟಾ ಪ್ಯಾಕೆಟ್ಟುಗಳ ಹಿಂದೆ, ಪತ್ರಿಕೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದ ಒಂದು ಶಾವಿಗೆ ಕಟ್ಟು ಇತ್ತು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಗಂಡ ನಯೀಮ್ ಒಮ್ಮೆ ಐಸ್‌ಕ್ರೀಮಿಗೆ ಜಾಗ ಮಾಡಲು ಹೋಗಿ ಅದನ್ನು ಹೊರಗಿಟ್ಟು ಮರೆತ. ಅಷ್ಟಕ್ಕೇ ಖುರ್ಷಿದ್ ಆ ಬಡಪಾಯಿಯ ಜೊತೆ ವಾರಗಟ್ಟಲೆ ಮಾತು ಬಿಟ್ಟಳು. ಐಸ್‌ಕ್ರೀಮನ್ನು ಮಾತ್ರ ಬಿಡಲಿಲ್ಲ, ಅದು ಬೇರೆ ವಿಷಯ.

ಶಾವಿಗೆ ಅವಳ ತಾಯಿ ಹೊಸೆದದ್ದು. ತಾಯಿಯನ್ನು ಅವಳು ಅಮ್ಮಿ ಎನ್ನುತ್ತಿದ್ದಳು. ಗದಗದ ಹತ್ತಿರ ಅಣ್ಣಿಗೇರಿಯಲ್ಲಿ ಅಮ್ಮಿ ಮಣೆಯ ಮೇಲೆ ಕೂತು, ಹಿಟ್ಟಿನ ಉಂಡೆಯನ್ನು ಹೊಸೆದು ಎಳೆದು, ಬಿಸಿಲಿಗೆ ಕೋಲಿನ ಮೇಲೆ ಹರವಿ ಒಣಗಿಸಿ, ರಮಜಾನಿಗೆ ಮುಂಚೆ ಅಮೆರಿಕಕ್ಕೆ ಹೊರಟವರ ಕೈಗೆ ಕೊಟ್ಟು ಕಳಿಸುತ್ತಿದ್ದಳು. ಈದ್ ದಿನ ಫೋನ್ ಎತ್ತಿದರೆ ಮುಬಾರಕ್ಕಿಗೂ ಮೊದಲು ಬರುತ್ತಿದ್ದ ಮಾತು ಒಂದೇ.

"ಶಾವಿಗಿ ಹೆಂಗಾಗಿತ್ತು?"

"ಭಾಳ ಚಲೋ ಆಗಿತ್ತು. ಜವಿ ಗೋದಿದ ಹೌದಲ್ಲ, ಅಮ್ಮಿ?"

"ಹೂಂ ಮತ್ತ, ಇನ್ಯಾವ್ದು?"

ಜವೆ ಗೋಧಿ ಎಂದರೆ ಅಂಗಡಿಯ ಗೋಧಿಯಲ್ಲ. ಕೆಂಪಗೆ, ಉದ್ದುದ್ದ, ಒಕ್ಕಿದರೂ ಸಿಪ್ಪೆ ಬಿಡದ ಹಟಮಾರಿ ಕಾಳು. ಒರಳಿಗೆ ಹಾಕಿ ಕುಟ್ಟಿದರೇ ಹೊಟ್ಟು ಬಿಡುವುದು. ಅವಳ ತಾಯಿಯ ಮನೆಯಲ್ಲಿ ಅಜ್ಜಿಯ ಕಾಲದಿಂದ ಅದೇ ಬೀಜವನ್ನು ಎತ್ತಿಟ್ಟು, ಅದನ್ನೇ ಮರುವರ್ಷ ಬಿತ್ತುತ್ತಿದ್ದರು. ಬೇರೆ ಗೋಧಿಯ ಶಾವಿಗೆಯನ್ನು ಆ ಮನೆಯಲ್ಲಿ ಶಾವಿಗೆ ಎನ್ನುತ್ತಲೇ ಇರಲಿಲ್ಲ, ದಾರ ಎನ್ನುತ್ತಿದ್ದರು. ಸೊಕ್ಕು ಅಂದರೆ ಸೊಕ್ಕು!

ಹೋದ ವರ್ಷ ಮಳೆಗಾಲದಲ್ಲಿ ಅಮ್ಮಿ ತೀರಿಕೊಂಡಳು. ವಿಮಾನ ಹತ್ತಿ ಇಳಿದು ಖುರ್ಷಿದ್ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಾಪಸ್ ಬಂದು ಫ್ರೀಜರ್ ತೆಗೆದರೆ, ಆ ವರ್ಷದ ಹಬ್ಬಕ್ಕೆ ಅರ್ಧ ಬಳಸಿ ಮಿಕ್ಕ ಅರ್ಧ ಕಟ್ಟು ಅಲ್ಲೇ ಇತ್ತು. ಅವಳು ಬಾಗಿಲು ತೆರೆದೇ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಫ್ರೀಜರು ಕುಂಯ್ ಕುಂಯ್ ಎಂದು ಎಚ್ಚರಿಸುತ್ತಲೇ ಇತ್ತು.

ಇನ್ನು ಅವಳ ಕೆಲಸದ ವಿಷಯ. ಗದಗಿನಲ್ಲಿ ಬಿಎಸ್ಸಿ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಮಗಳು ಜಿಕ್ರಾ ಶಾಲೆಗೆ ಹೋಗುವ ತನಕ ಡೇಕೇರಿನಲ್ಲಿ ಯಾರ್ಯಾರದೋ ಮಕ್ಕಳ ಮೂಗು ಒರೆಸಿದವಳು, ಈಗ ಲಿವರ್‌ಮೋರಿನ ದ್ರಾಕ್ಷಿ ತೋಟಗಳ ಆಚೆ ಒಂದು ಸಣ್ಣ ಕಂಪನಿಯ ಗ್ರೀನ್‌ಹೌಸಿನಲ್ಲಿ ಗೋಧಿ ಸಸಿಗಳಿಗೆ ರೋಗ ಹಚ್ಚುತ್ತಾಳೆ. ಹೌದು, ಹಚ್ಚುತ್ತಾಳೆ. ಲೋಕದಲ್ಲಿ ಜನ ರೋಗ ಬಿಡಿಸಿ ಸಂಬಳ ತಗೊಂಡರೆ ನನ್ನ ಹೆಂಡತಿ ರೋಗ ಅಂಟಿಸಿ ತಗೊಳ್ಳುತ್ತಾಳೆ ಎಂದು ನಯೀಮ್ ಬಂದವರಿಗೆಲ್ಲ ಹೇಳಿ ನಗುತ್ತಾನೆ. ಆ ರೋಗ ಒಂದು ಬಗೆಯ ಕಿತ್ತಳೆ ಪುಡಿ. ಇಲ್ಲಿಯವರು ರಸ್ಟ್ ಎನ್ನುತ್ತಾರೆ, ಪುಸ್ತಕದಲ್ಲಿ ತುಕ್ಕು ರೋಗ, ಅವಳ ಊರಿನ ಹೊಲಗಳಲ್ಲಿ ಭಂಡಾರ ರೋಗ. ಮುಟ್ಟಿದರೆ ಬೆರಳಿಗೆ ಅರಿಸಿನದ ಹಾಗೆ ಅಂಟುತ್ತದೆ.

ಪುಡಿ ಹಚ್ಚಿ ಕೆಲವು ದಿನ ಕಾದರೆ ಸಾಲು ಸಾಲು ಸಸಿಗಳು ಕಿತ್ತಳೆಯಾಗುತ್ತವೆ. ನಡುವೆ ಎಲ್ಲೋ ಒಂದು ಸಸಿ ಹಸಿರಾಗಿಯೇ ಉಳಿಯಿತು ಎನ್ನಿ, ಅದರೊಳಗೆ ಕಾವಲಿಗೆ ಒಂದು ಜೀನ್ ಕೂತಿದೆ ಎಂದರ್ಥ. ರೋಗ ಕಾಲಿಟ್ಟ ಜಾಗವನ್ನು ಗಿಡ ಗುರುತು ಹಿಡಿಯುತ್ತದೆ, ಅಲ್ಲಿನ ಜೀವಕೋಶಗಳು ತಾವೇ ಸತ್ತು ಮಿಕ್ಕ ಎಲೆಯನ್ನು ಉಳಿಸುತ್ತವೆ. ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿಚುಕ್ಕೆ, ಅಷ್ಟೇ. ಆ ಜೀನ್ ಎಲ್ಲಿದೆ ಎಂದು ಹುಡುಕಲು ಗಿಡದ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಯಂತ್ರದಲ್ಲಿ ಓದಿಸುತ್ತಾರೆ. ಸಿಕ್ಕರೆ ಅದನ್ನು ನಾಳೆ ರೈತರು ಬಿತ್ತುವ ಗೋಧಿಗೆ ತರಬಹುದು.

ಈ ವರ್ಷದ ಆರಂಭದಲ್ಲಿ ಒಂದು ಸಸಿ ಹಾಗೆ ಹಸಿರಾಗಿ ಉಳಿಯಿತು. ಲ್ಯಾಬಿನ ಮುಖ್ಯಸ್ಥೆ ಸಂಯುಕ್ತಾ, ಮೈಸೂರಿನವರು, ಮೀಟಿಂಗಿನಲ್ಲಿ ಎಲ್ಲರೆದುರೇ ಹೇಳಿದರು.

"ಖುರ್ಷಿದ್, ಸಿಹಿ ಹಂಚಬೇಕು ನೀವು. ಇದು ನಿಮ್ಮ ಕಡೇದು. ತುಂಬಾ ವರ್ಷದ ಹಿಂದೆ ಯಾರೋ ಗದಗದ ಸಂತೇಲಿ ಕಾಳು ಕೊಂಡ್ಕೊಂಡು ಬೀಜದ ಬ್ಯಾಂಕಿಗೆ ಕೊಟ್ಟಿದ್ರಂತೆ. ಜವೆ ಗೋಧಿ ಅಂತೀರಲ್ಲ, ಅದೇ."

ಖುರ್ಷಿದ್ ಮೀಟಿಂಗು ಮುಗಿಸಿ ನೇರ ಶುದ್ಧ ಕೋಣೆಯ ಗಾಜಿನ ಹತ್ತಿರ ಹೋಗಿ ನಿಂತಳು. ಅಲ್ಲೊಂದು ನಿಯಮವಿದೆ. ರೋಗದ ಕೋಣೆಗೆ ಹೋದವರು ಆ ದಿನ ಶುದ್ಧ ಕೋಣೆಗೆ ಕಾಲಿಡುವಂತಿಲ್ಲ. ಬಟ್ಟೆಯಲ್ಲೋ ಕೂದಲಲ್ಲೋ ಪುಡಿ ಅಂಟಿ ಹೋದರೆ ಬೀಜಕ್ಕೆಂದು ಬೆಳೆಸಿದ ಗಿಡಗಳೆಲ್ಲ ಹಾಳು. ಖುರ್ಷಿದ್ ದಿನವೂ ರೋಗದ ಕೋಣೆಯವಳೇ. ಹಾಗಾಗಿ ಅದೇ ಬೀಜದಿಂದ ಒಳಗೆ ಬೆಳೆಸಿದ್ದ ಜವೆ ಅವಳಿಗೆ ಕಂಡದ್ದು ಗಾಜಿನ ಆಚೆಯಿಂದ. ಉದ್ದ ಮೀಸೆಯ ತೆನೆಗಳು ಕುಂಡದಲ್ಲಿ ನಿಂತಿದ್ದವು. ಅವಳು ಗಾಜಿಗೆ ಹಣೆ ಹಚ್ಚಿ ನಿಂತಿದ್ದನ್ನು ನೋಡಿ ಯಾರೋ ಮೈ ಹುಷಾರಿಲ್ಲವೇ ಎಂದು ಕೇಳಿದರು.

ಸಂಜೆ ಮನೆಯ ದಾರಿಯಲ್ಲಿ ಸುನೋಲಿನ ಏರು ಹತ್ತುವಾಗ ಫ್ರೀವೇಯ ಎರಡೂ ಬದಿಗೆ ಗುಡ್ಡಗಳು ಹಸಿರಾಗಿದ್ದವು. ಟ್ರಾಫಿಕ್ಕು ತೆವಳುತ್ತಿತ್ತು. ಅವಳ ತಲೆಯಲ್ಲಿ ಒಂದೇ ಯೋಚನೆ. ಅಮ್ಮಿಯೂ ಕಾಳು ಹೆಚ್ಚಾದ ವರ್ಷ ಗದಗದ ಸಂತೆಗೆ ಹೋಗಿ ಮಾರುತ್ತಿದ್ದಳಲ್ಲ. ಆ ಯಾರೋ ಕೊಂಡ ಕಾಳು ಅಮ್ಮಿಯದೇ ಆಗಿದ್ದರೆ? ಅಮ್ಮಿ ಹೋದಳು, ಆದರೆ ಅವಳ ಗೋಧಿ ಇಲ್ಲಿ, ತನ್ನ ಕೈಯಳತೆಯಲ್ಲಿ, ಕುಂಡದಲ್ಲಿ ಬೆಳೆಯುತ್ತಿದ್ದರೆ? ಹುಚ್ಚು ಯೋಚನೆ ಎಂದು ಅವಳಿಗೇ ಗೊತ್ತಿತ್ತು. ಗೊತ್ತಿದ್ದರೆ ಬಿಟ್ಟು ಹೋಗುತ್ತದೆಯೇ?

ಕೊನೆಗೆ ಅವಳು ಬಾಯಿಬಿಟ್ಟೇ ಕೇಳಿದಳು. "ಮೇಡಂ, ನಮ್ಮ ಅಮ್ಮಿ ಮಾಡಿದ ಶಾವಿಗಿ ಐತಿ. ಅದರಾಗಿನ ಗೋದಿನೂ ಈ ಗೋದಿನೂ ಒಂದ ಏನು ಅಂತ ಮಿಷನ್ನಿಗೆ ಗೊತ್ತಾಗ್ತದೇನ್ರಿ?"

ಸಂಯುಕ್ತಾ ನಗಲಿಲ್ಲ. ಒಣ ಹಿಟ್ಟಿನಲ್ಲೂ ಡಿಎನ್‌ಎ ಉಳಿದಿರುತ್ತದೆ, ನೋಡಬಹುದು ಎಂದರು. "ಮುಂದಿನ ಸಲ ಸೀಕ್ವೆನ್ಸಿಂಗಿಗೆ ಕಳಿಸುವಾಗ ಒಂದು ಜಾಗ ಖಾಲಿ ಇದೆ. ನಾಲ್ಕು ಎಳೆ ತನ್ನಿ. ಆದ್ರೆ ಖುರ್ಷಿದ್, ಅವತ್ತು ಅನ್ನದ ದಿನ, ನೆನಪಿರ್ಲಿ."

ಅನ್ನದ ದಿನ ಎಂಬುದು ಆ ಲ್ಯಾಬಿನದೇ ಆದ ವ್ರತ. ಎಲೆ ಅರೆದು ಡಿಎನ್‌ಎ ತೆಗೆಯುವ ದಿನ ಯಾರೂ ಗೋಧಿ ಮುಟ್ಟುವಂತಿಲ್ಲ. ಚಪಾತಿ ಇಲ್ಲ, ಸ್ಯಾಂಡ್‌ವಿಚ್ ಇಲ್ಲ, ಬಿಸ್ಕತ್ತೂ ಇಲ್ಲ. ಹಿಟ್ಟಿನ ಒಂದು ಧೂಳಿನ ಕಣ ಟ್ಯೂಬಿಗೆ ಬಿದ್ದರೂ ಯಂತ್ರ ಪಾಪ ಅದನ್ನೂ ಶ್ರದ್ಧೆಯಿಂದ ಓದಿಬಿಡುತ್ತದೆ. ಅವತ್ತು ಸಂಯುಕ್ತಾರದು ಮೊಸರನ್ನ, ಡೇಟಾ ನೋಡುವ ಬೆಂಗಳೂರಿನ ಹುಡುಗ ತರುಣನದು ಪುಳಿಯೋಗರೆ, ಮಿಕ್ಕವರದು ಅನ್ನ ತುಂಬಿದ ಬುರಿಟೋ ಬೌಲು.

ಅಷ್ಟರಲ್ಲಿ ರಮಜಾನ್ ಬಂತು. ಎಲೆ ಅರೆಯುವ ದಿನ ಖುರ್ಷಿದ್ ಫ್ರೀಜರಿನಿಂದ ನಾಲ್ಕು ಎಳೆ ಮುರಿದು ಪುಟ್ಟ ಡಬ್ಬಿಗೆ ಹಾಕಿಕೊಂಡು ಹೋದಳು. ಅನ್ನದ ದಿನದ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ. ರೋಜಾ ಇದ್ದವಳು, ನೀರನ್ನೂ ಮುಟ್ಟದವಳು, ಗೋಧಿ ಎಲ್ಲಿಂದ ತಿಂದಾಳು! ಲ್ಯಾಬಿನಲ್ಲಿ ತನ್ನಷ್ಟು ಶುದ್ಧರು ಯಾರೂ ಇಲ್ಲವೆಂದುಕೊಂಡು ಶುದ್ಧ ಕೋಣೆಯಿಂದ ತಂದುಕೊಟ್ಟ ಜವೆಯ ಎಲೆಯನ್ನೂ ಅವಳೇ ಕತ್ತರಿಸಿದಳು, ಶಾವಿಗೆಯನ್ನೂ ಅವಳೇ ಪುಡಿ ಮಾಡಿದಳು.

ಫಲಿತಾಂಶ ಬಂದ ದಿನ ತರುಣ್ ಕುರ್ಚಿ ತಿರುಗಿಸಿ ಕೂತು ನಕ್ಕ. "ಆಂಟೀ, ಇದ್ರಲ್ಲಿ ಚಪಾತಿ ಇದೆ!"

ಅವನು ತೋರಿಸಿ ಹೇಳಿದ್ದು ಇಷ್ಟು. ಜವೆ ಗೋಧಿಯ ರಕ್ತದಲ್ಲಿ ಎರಡು ಮನೆತನ. ಚಪಾತಿಯ ಗೋಧಿಗೆ ಹಿಂದೆ ಯಾವಾಗಲೋ ಇನ್ನೊಂದು ಕಾಡುಹುಲ್ಲು ಕೂಡಿದ್ದರಿಂದ ಅದರಲ್ಲಿ ಮೂರು ಮನೆತನ. ಆ ಮೂರನೆಯದು ಕಂಡರೆ ಅದು ಜವೆಯಲ್ಲ. ಶಾವಿಗೆಯ ಸ್ಯಾಂಪಲಿನಲ್ಲಿ ಮೂರನೆಯದು ಧಾರಾಳವಾಗಿತ್ತು. ಕುಂಡದ ಜವೆಯ ಎಲೆಯಲ್ಲೂ ಸ್ವಲ್ಪ ಇತ್ತು, ಇರಬಾರದಿತ್ತು.

"ಬೆಳಿಗ್ಗೆ ಹಿಟ್ಟು ಮುಟ್ಟಿದ್ರಾ?" ಎಂದು ಸಂಯುಕ್ತಾ ಕೇಳಿದರು.

ಆಗ ನೆನಪಾಯಿತು. ಸೆಹರಿಗೆ ನಯೀಮನಿಗೂ ಜಿಕ್ರಾಗೂ ಬೆಳಗಿನ ಜಾವ ಎದ್ದು ಚಪಾತಿ ಹಿಟ್ಟು ನಾದಿದವಳು ತಾನೇ. ತಾನು ತಿಂದದ್ದು ಖರ್ಜೂರ, ಬಾಳೆಹಣ್ಣು. ಬಾಯಿಗೆ ಉಪವಾಸ, ಕೈಗೆ ಮಾತ್ರ ಮಣಿಕಟ್ಟಿನ ತನಕ ಗೋಧಿ. ಹಿಟ್ಟು ಅಂಟಿದ ಅದೇ ಸ್ವೆಟರು ಹಾಕಿಕೊಂಡೇ ಕಾರು ಹತ್ತಿದ್ದಳು.

"ಅಯ್ಯೋ ಅಲ್ಲಾ! ನಂದ ತಪ್ಪು, ಮೇಡಂ!" ಎಂದು ಅವಳು ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡಳು. ಆದರೆ ಅವಳ ಮುಖದ ತುಂಬ ನಗು. ಲ್ಯಾಬಿನ ಕೆಲಸ ಕೆಡಿಸಿ ಸಿಕ್ಕಿಬಿದ್ದು ಇಷ್ಟು ಖುಷಿಪಟ್ಟವರನ್ನು ಸಂಯುಕ್ತಾ ಕಂಡಿರಲಿಲ್ಲ. ತಪ್ಪು ತನ್ನ ಕೈಯದು ಎಂದರೆ ಅಮ್ಮಿಯ ಶಾವಿಗೆ ಇನ್ನೂ ಜವೆಯದೇ!

ಮತ್ತೆ ಮಾಡುವುದೆಂದಾಯಿತು. ಸೆಹರಿಗೆ ಅನ್ನ, ಇಫ್ತಾರಿಗೂ ಅನ್ನ. ಸಮೋಸಾ ಇಲ್ಲವೇ ಎಂದು ಕೇಳಿದ ನಯೀಮನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಿತ್ತು. "ಮಾಮ್, ದಿಸ್ ಈಸ್ ಕ್ರೇಜಿ" ಎಂದಳು ಜಿಕ್ರಾ. ಅಮ್ಮನ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ನಾಲ್ಕು ದಿನ ಗೋದಿ ತಿನ್ನದಿದ್ರ ಸಾಯಾಂಗಿಲ್ಲ, ತಿನ್ನು" ಎಂದಳು ತಾಯಿ. ಈ ಸಲ ಖುರ್ಷಿದ್ ಯಾವುದನ್ನೂ ಮುಟ್ಟಲಿಲ್ಲ. ಸಂಯುಕ್ತಾ ತಾವೇ ಕೈಗವಸು ಹಾಕಿ, ಶಾವಿಗೆಯ ಹೊರಮೈ ತೊಳೆದು ಒಳಗಿನದನ್ನು ತೆಗೆದರು.

ಕಾಯುವ ದಿನಗಳಲ್ಲಿ ಖುರ್ಷಿದ್ ಬಹಳ ಮಾತಾಡಿದಳು. ಅಣ್ಣಿಗೇರಿಯ ಹಿತ್ತಲು, ಒರಳು, ಜವೆಯ ಮೀಸೆ ಲಂಗಕ್ಕೆ ಚುಚ್ಚಿಕೊಂಡರೆ ಅಮ್ಮಿ ಬೈಯುತ್ತ ಒಂದೊಂದೇ ಕೀಳುತ್ತಿದ್ದದ್ದು. ಊಟದ ಹೊತ್ತಿನಲ್ಲಿ ತಾನು ಉಪವಾಸ ಕೂತು, ಪುಳಿಯೋಗರೆ ತಿನ್ನುವ ತರುಣನಿಗೆ ಶಾವಿಗೆ ಹೊಸೆಯುವ ವಿದ್ಯೆ ವಿವರಿಸಿದಳು. ಪಾಪ, ಅವನು ಕೇಳಿಸಿಕೊಂಡ.

ಫಲಿತಾಂಶವನ್ನು ಈ ಸಲ ತರುಣ್ ಹೇಳಲಿಲ್ಲ. ಸಂಯುಕ್ತಾ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಕುಂಡದ ಎಲೆ ಸ್ವಚ್ಛವಾಗಿ ಬಂದಿತ್ತು, ಎರಡೇ ಮನೆತನ. ಶಾವಿಗೆ ಮೊದಲಿನ ಹಾಗೆಯೇ, ಮೂರು.

"ಅಂದ್ರ?"

"ಅಂದ್ರೆ ಜವೆ ಅಲ್ಲ, ಖುರ್ಷಿದ್. ಒಂದು ಚೂರೂ ಇಲ್ಲ. ಮಾಮೂಲಿ ಗೋಧಿ. ರವೆಯೋ ಮೈದಾನೋ ಗೊತ್ತಾಗಲ್ಲ."

ಖುರ್ಷಿದ್ ಎದ್ದು ಹೊರಬಂದಳು. ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಅತ್ತಿಗೆ ಬಿಲ್ಕೀಸಳಿಗೆ ಫೋನ್ ಹಚ್ಚಿದಳು. ಅಲ್ಲಿ ಆಗ ಸೆಹರಿಗೆ ಏಳುವ ಹೊತ್ತು. ಸಲಾಮಿಲ್ಲ, ಏನಿಲ್ಲ, ನೇರ ಕೇಳಿದಳು.

"ಭಾಬಿ, ಅಮ್ಮಿ ನನಗ ಕಳಿಸ್ತಿದ್ದ ಶಾವಿಗಿ ಯಾವ ಗೋದೀದು?"

ಬಿಲ್ಕೀಸ್ ಒಲೆ ಆರಿಸಿದ ಸದ್ದು ಕೇಳಿಸಿತು. "ಈಗ್ಯಾಕ ಅದೆಲ್ಲ?"

"ಹೇಳು."

"ಜವಿ ಬಿತ್ತೂದು ಬಿಟ್ಟು ಎಷ್ಟೋ ವರ್ಷ ಆತು. ಹೊಲಾ ಬ್ಯಾರೆದವ್ರಿಗೆ ಲಾವಣಿಗಿ ಕೊಟ್ಟಿವಿ, ಅವರು ಉಳ್ಳಾಗಡ್ಡಿ ಹಚ್ಚತಾರ. ಬೀಜ ಹುಳಾ ಹಿಡದು ಹೋತು. ಅಮ್ಮಿ ಅಂಗಡಿ ರವಾ ತರ್ತಿದ್ರು. ಕೆಂಪಗ ಕಾಣ್ಲಿ ಅಂತ ಒಂಚೂರು ಬೆಲ್ಲದ ನೀರು ಹಾಕಿ ನಾದ್ತಿದ್ರು."

"ಮತ್ತ ನಾ ಕೇಳ್ದಾಗೆಲ್ಲ ಹೂಂ ಅಂತಿದ್ಲಲ್ಲ!"

"ನಾನೂ ಅಂದೆ, ಹೇಳಿಬಿಡ್ರಿ ಅಂತ. 'ಅಷ್ಟ ದೂರ ಹೋಗಿ ಕುಂತದ ಕೂಸು, ಕೇಳೂದ ಅದೊಂದು, ಇಲ್ಲ ಅನ್ನೂದು ಹೆಂಗ ಬಿಲ್ಕೀಸ್' ಅಂದ್ರು. ಈದ್ ದಿನ ನಿನ್ನ ಫೋನ್ ಬರೂ ತನಕ ಊಟಾ ಮಾಡ್ತಿರಲಿಲ್ಲ. ಗೊತ್ತಾತೋ ಏನೋ ಅಂತ ಹೆದರಿಕಿ."

ಖುರ್ಷಿದಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ತಾಯಿಯೇ ಟೋಪಿ ಹಾಕಿದಳಲ್ಲ! ಮಗಳಿಗೆ, ಗೆಳತಿಯರಿಗೆ, ನಮ್ಮ ಜವೆ, ನಮ್ಮ ಜವೆ ಎಂದು ತಾನು ಕೊಚ್ಚಿಕೊಂಡದ್ದೆಲ್ಲ ಅಂಗಡಿಯ ರವೆಯನ್ನು! ಅವಳು ಸ್ಟೇರಿಂಗಿಗೆ ಗುದ್ದಿದಳು, ಹಾರ್ನ್ ಹೊಡೆದುಕೊಂಡಿತು, ದಾರಿಯಲ್ಲಿ ಹೋಗುತ್ತಿದ್ದವನು ಬೆಚ್ಚಿ ನೋಡಿದ. ಸಿಟ್ಟು ಇಳಿದ ಮೇಲೆ ಉಳಿದದ್ದು ಇನ್ನೂ ಕೆಟ್ಟದ್ದು. ಕುಂಡದಲ್ಲಿರುವುದು ಅಮ್ಮಿಯ ಗೋಧಿಯೋ ಅಲ್ಲವೋ, ಇನ್ನು ಯಾವ ಯಂತ್ರವೂ ಹೇಳಲಾರದು. ಹೋಲಿಸಿ ನೋಡಲು ಅಮ್ಮಿಯ ಗೋಧಿಯ ಒಂದು ಕಾಳೂ ಈ ಭೂಮಿಯ ಮೇಲೆ ಉಳಿದಿರಲಿಲ್ಲ.

ಈದಿಗೆ ಒಂದೆರಡು ದಿನ ಮುಂಚೆ ಸಂಯುಕ್ತಾ ಒಂದು ಸಣ್ಣ ಚೀಲ ಕೊಟ್ಟರು. ಶುದ್ಧ ಕೋಣೆಯ ಹಿಂದಿನ ಬೆಳೆಯಲ್ಲಿ ಮಿಕ್ಕ ಜವೆ. ಯಾರೂ ಬಿತ್ತಲು ಬಾರದಂತೆ ಒಡೆಸಿ ರವೆ ಮಾಡಿಸಿದ್ದರು, ಕಂಪನಿಯ ಒಪ್ಪಿಗೆಯನ್ನೂ ಪಡೆದಿದ್ದರು. "ನಿಮ್ಮ ತಾಯೀದೇ ಅಂತ ಹೇಳೋಕೆ ಆಗಲ್ಲ. ಆದ್ರೆ ನಿಮ್ಮೂರಿನ ಕಡೇದು ನಿಜ. ಹಬ್ಬಕ್ಕೆ ಮಾಡ್ಕೊಳಿ" ಎಂದರು. ಖುರ್ಷಿದ್ ಚೀಲವನ್ನು ಮೂಸಿ ನೋಡಿದಳು. ಥ್ಯಾಂಕ್ಸ್ ಹೇಳುವುದನ್ನೂ ಮರೆತು ಅದನ್ನು ಕೈಚೀಲದ ತಳಕ್ಕೆ ಇಳಿಸಿದಳು.

ಹಬ್ಬದ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಎರಡೂ ಇದ್ದವು. ಒಂದು ಕಡೆ ನಿಜವಾದ ಜವೆಯ ರವೆ, ಇನ್ನೊಂದು ಕಡೆ ಅಮ್ಮಿಯ ಸುಳ್ಳು ಶಾವಿಗೆ. ನಯೀಮ್ ನಮಾಜಿಗೆ ಹೋಗಲು ಅತ್ತರು ಹಚ್ಚಿಕೊಂಡು ಕಾಯುತ್ತಿದ್ದ. ಖುರ್ಷಿದ್ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಜವೆಯ ರುಚಿ ಹೇಗಿತ್ತೆಂದು ಕಣ್ಣು ಮುಚ್ಚಿ ನೆನೆಯಲು ನೋಡಿದಳು. ನೆನಪಾಗಲಿಲ್ಲ. ನಾಲಿಗೆಯ ಮೇಲೆ ಬಂದದ್ದು ಬೆಲ್ಲದ ನೀರಿನಲ್ಲಿ ನಾದಿದ ಶಾವಿಗೆಯ ರುಚಿಯೊಂದೇ. ಇಷ್ಟು ವರ್ಷ ಅವಳು ಹಂಬಲಿಸಿದ್ದು ಅದಕ್ಕೇ.

ಅವಳು ಪತ್ರಿಕೆಯ ಕಟ್ಟು ಬಿಚ್ಚಿ, ಎಲ್ಲ ಶಾವಿಗೆಯನ್ನೂ ತುಪ್ಪದಲ್ಲಿ ಹುರಿದು, ಹಾಲು ಖರ್ಜೂರ ಹಾಕಿ ಶೀರ್ ಖುರ್ಮಾ ಮಾಡಿದಳು. ಒಂದು ಎಳೆಯನ್ನೂ ಎತ್ತಿಡಲಿಲ್ಲ.

ಜಿಕ್ರಾ ಬಟ್ಟಲನ್ನು ಬೆರಳಲ್ಲಿ ಬಳಿದು ತಿಂದಳು. "ಮಾಮ್, ದಿಸ್ ಈಸ್ ಇಟ್. ನಾನೀದೇ ಟೇಸ್ಟು" ಎಂದಳು ಅಜ್ಜಿಯನ್ನು ನೆನೆದು, ಅಪರೂಪಕ್ಕೆ ಅರ್ಧ ಕನ್ನಡದಲ್ಲಿ.

"ಹೂಂ ಮತ್ತ, ಇನ್ಯಾರ್ದು?" ಎಂದಳು ಖುರ್ಷಿದ್. ಆಮೇಲೆ ಫೋನಿನ ಕಡೆ ನೋಡಿದಳು. ಅದು ಸುಮ್ಮನೆ ಕಟ್ಟೆಯ ಮೇಲೆ ಬಿದ್ದಿತ್ತು. ಕೇಳುವವಳೇ ಇಲ್ಲದ ಮೊದಲ ಈದ್ ಅದು.

ರಜೆ ಮುಗಿಸಿ ಹೋದವಳು ರವೆಯ ಚೀಲವನ್ನು ಹಾಗೆಯೇ ಸಂಯುಕ್ತಾರ ಮೇಜಿನ ಮೇಲಿಟ್ಟಳು. ಗಂಟೂ ಬಿಚ್ಚಿರಲಿಲ್ಲ.

"ಯಾಕೆ, ಮಾಡ್ಲಿಲ್ವಾ?"

"ಇಲ್ರಿ ಮೇಡಂ. ಸಿಟ್ಟಾಗಬ್ಯಾಡ್ರಿ. ಇದನ್ನ ತಿಂದ್ರ ನನ್ನ ನಾಲಿಗಿ ಅಮ್ಮೀನ ಸುಳ್ಳಿ ಅಂತದ. ಅದೊಂದ ನಾ ಅನ್ಸಾಕ ಬಿಡಂಗಿಲ್ಲ."

ಸಂಯುಕ್ತಾ ಚೀಲವನ್ನು ತಮ್ಮ ಕಡೆ ಎಳೆದುಕೊಂಡರು. "ಮತ್ತೇನು ಬೇಕು ನಿಮಗೆ?"

"ಒಂದ ದಿನ ನನ್ನ ರೋಗದ ಕ್ವಾಣಿಗಿ ಕಳಿಸಬ್ಯಾಡ್ರಿ. ಗಾಜಿನ ಒಳಗ ಬಿಡ್ರಿ. ಒಮ್ಮೆ ಮುಟ್ಟಿ ಬರ್ತೀನಿ."

ಮರುದಿನ ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಮೇಲೆ ಬಿಳಿ ಕೋಟು ಹಾಕಿಕೊಂಡು, ನೇರ ಶುದ್ಧ ಕೋಣೆಯ ಬಾಗಿಲಿಗೆ ಹೋದಳು. ಒಳಗೆ ಬೆಚ್ಚಗಿತ್ತು. ತೆನೆಗಳು ಬಲಿತು ಬಣ್ಣ ತಿರುಗುತ್ತಿದ್ದವು. ಬರಿಗೈಯಿಂದ ಒಂದು ತೆನೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿದಳು. ಮೀಸೆ ಅಂಗೈಯನ್ನು ಗೀರಿತು. ಮತ್ತೆ ಮೇಲಿನಿಂದ ಕೆಳಕ್ಕೆ ಸವರಿದಳು, ಚುಚ್ಚಿತು. ಒಂದು ಮೀಸೆ ಮುರಿದು ಕೋಟಿನ ತೋಳಿಗೆ ಸಿಕ್ಕಿಕೊಂಡಿತು. ಅವಳು ಅದನ್ನು ಮೆಲ್ಲಗೆ ಕಿತ್ತು ಕುಂಡದ ಮಣ್ಣಿನ ಮೇಲೆ ಹಾಕಿದಳು.

ಹೊರಗೆ ತರುಣ್ ಗಾಜಿನ ಹತ್ತಿರ ಬಂದು ನಿಂತಿದ್ದ. ಅವಳು ಅವನಿಗೆ ಬೆನ್ನು ಹಾಕಿ ಗಿಡದ ಕಡೆ ಬಗ್ಗಿದಳು.

"ಶಾವಿಗಿ ಭಾಳ ಚಲೋ ಆಗಿತ್ತು, ಅಮ್ಮಿ" ಎಂದಳು. "ಊಟಾ ಮಾಡು ಇನ್ನ."